ಕೈಬಿಟ್ಟ ಹನ್ನೊಂದು ಸೆಕೆಂಡು

ಗೋಡೆಯ ಪರದೆಯ ಮೇಲೆ ಹೊಸ ನೌಕೆಯ ಕಣ ಎಣಿಕೆಯ ಗೆರೆ ಸರ್ರನೆ ಕೆಳಗಿಳಿದು ಮತ್ತೆ ಮೇಲೇರಿದ್ದೇ ತಡ, ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದತ್ತಾಂಶ ವಿಭಾಗದ ಮುಖ್ಯಸ್ಥನ ಕೈಗಳು ಮಾತ್ರ ಮೇಜಿನ ಕೆಳಗೇ ಉಳಿದವು.

"ಗ್ರಹದ ಹತ್ರ ಹೋಗೋವಾಗ್ಲೂ ಎಣಿಕೆ ಬಿದ್ದಿದೆ, ಆಚೆ ಬರೋವಾಗ್ಲೂ ಬಿದ್ದಿದೆ. ಅದೂ ಒಂದೇ ದೂರದಲ್ಲಿ! ಅಲ್ಲಿ ಇನ್ನೊಂದು ಪುಟ್ಟ ಚಂದ್ರ ಇದೆ, ಅನುಮಾನವೇ ಬೇಡ," ಎಂದರು ನಿರ್ದೇಶಕಿ. ಆ ದೈತ್ಯ ಗ್ರಹ ತನ್ನ ಕಾಂತಬಲದಿಂದ ಕೋಟ್ಯಂತರ ವಿಕಿರಣ ಕಣಗಳನ್ನು ಹಿಡಿದು ಸುತ್ತ ತಿರುಗಿಸುತ್ತಿರುತ್ತದೆ. ಒಳಗಿನ ಚಂದ್ರಗಳು ಅವುಗಳ ನಡುವೆ ಓಡಾಡುತ್ತ ತಂತಮ್ಮ ದಾರಿಯನ್ನು ಗುಡಿಸಿಕೊಳ್ಳುತ್ತವೆ. ನೌಕೆ ಆ ದಾರಿಯನ್ನು ದಾಟುವಾಗ ಎಣಿಸಲು ಕಣಗಳೇ ಸಿಗುವುದಿಲ್ಲ.

"ಅಲ್ಲಾ, ಒಂಬತ್ತು ವರ್ಷದ ಹಿಂದೆ ನಮ್ಮ ಮೊದಲ ನೌಕೆನೂ ಅಲ್ಲೇ ಹೋಗಿತ್ತಲ್ಲ. ಅದಕ್ಕೇನೂ ಕಾಣಲಿಲ್ವಾ?" ನಿರ್ದೇಶಕಿ ಕೇಳಿದ್ದು ಎಲ್ಲರನ್ನೂ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಮುಖ್ಯಸ್ಥನೇ ಎದ್ದು ನಿಂತ.

"ಅಲ್ಲಿ ಹನ್ನೊಂದು ಸೆಕೆಂಡಿನ ಅಂಕಿ ಕೈಬಿಟ್ಟಿದ್ವಿ ಮೇಡಂ. ಉಪಕರಣದಲ್ಲಿ ತೊಂದರೆ ಅಂತ."

"ಅಂದ್ರೆ ತೊಂದರೆ ಇರ್ಲೇ ಇಲ್ಲ! ಅಯ್ಯೋ, ಮೊದಲು ನಮ್ಮ ಬೆಸುಗೆ ಅಕ್ಕನಿಗೆ ಹೇಳಿ, ತಪ್ಪು ಅವರದ್ದಲ್ಲ ಅಂತ. ನೀವೇ ಹೋಗಿ ಹೇಳಿ." ಉಪಕರಣಕ್ಕಿದ್ದ ಕಣ್ಣು ನಮಗಿರಲಿಲ್ಲ ಬಿಡಿ ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಮುಖ್ಯಸ್ಥನಿಗೆ ಕಣ್ಣಿತ್ತು. ಹೋಗುವಾಗ ಆರು ಸೆಕೆಂಡು, ಬರುವಾಗ ಐದು, ಎರಡನ್ನೂ ಒಂಬತ್ತು ವರ್ಷದ ಹಿಂದೆಯೇ ನೋಡಿದ್ದ. ಎರಡೂ ಒಂದೇ ದೂರದವು ಎಂದು ಲೆಕ್ಕವನ್ನೂ ಹಾಕಿದ್ದ. ಆದರೆ ಅವನು ಆಗ ಬರೆಯುತ್ತಿದ್ದ ಸಂಶೋಧನಾ ಲೇಖನದ ಪ್ರಕಾರ ಗೆರೆ ಅಲ್ಲಿ ನುಣ್ಣಗೆ ಹೋಗಬೇಕಿತ್ತು. ಅಲ್ಲೊಂದು ಗುಂಡಿ ಇದೆ ಎಂದರೆ ಮೂರು ವರ್ಷದ ದುಡಿಮೆ ನೀರಲ್ಲಿ ಹೋಮ, ಲೇಖನ ಕಳಿಸಲು ಉಳಿದದ್ದು ನಾಲ್ಕೇ ದಿನ. ಕೈಬಿಟ್ಟ ಅಂಕಿಗಳ ಪಟ್ಟಿಯಲ್ಲಿ ಗಡಿಯಾರದ ಹೊತ್ತು ಬರೆಯುತ್ತಾರೆಯೇ ಹೊರತು ಗ್ರಹದಿಂದ ಎಷ್ಟು ದೂರ ಎಂದು ಬರೆಯುವುದಿಲ್ಲ. ಹಾಗಾಗಿ ಆ ಎರಡು ಸಾಲುಗಳಿಗೆ ಏನಾದರೂ ಸಂಬಂಧವಿದೆ ಎಂದು ಬೇರೆ ಯಾರಿಗೂ ಹೊಳೆಯಲಿಲ್ಲ. 'ಕಾರಣ' ಎಂಬ ಕಾಲಂ ಖಾಲಿ ಬಿಡುವ ಹಾಗಿರಲಿಲ್ಲ, 'ಬೆಸುಗೆ ಸಡಿಲ' ಎಂದು ಬರೆದು ಸಹಿ ಹಾಕಿದ.

ಬೆಸುಗೆ ಹಾಕಿದ ಕೈ ಯಾರದ್ದೆಂದು ಸಂಸ್ಥೆಗೆಲ್ಲ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಲೇಖನಕ್ಕೆ ಹೆಸರು ಬಂತು, ಅವನು ಮುಖ್ಯಸ್ಥನಾದ. ಬೆಸುಗೆ ಅಕ್ಕನನ್ನು ಬಿಡಿಭಾಗಗಳ ಸ್ಟೋರಿಗೆ ಕಳಿಸಿದರು. ಅಂದಿನಿಂದ ಅವನು ಏನೇ ಬೇಕಾದರೂ ಸ್ಟೋರಿಗೆ ಬೇರೆಯವರನ್ನೇ ಕಳಿಸುತ್ತಿದ್ದ.

ಇವತ್ತು ಅವನೇ ಹೋದಾಗ ಆಕೆ ಸ್ಕ್ರೂ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಳು. "ಏನ್ ಸರ್, ನೀವೇ ಬಂದ್ಬಿಟ್ರಿ? ಒಂದು ಫೋನ್ ಮಾಡಿದ್ರೆ ಕಳಿಸ್ತಿದ್ನಲ್ಲ."

"ಅಕ್ಕಾ, ನಿಮ್ಮ ಬೆಸುಗೆ ಸಡಿಲ ಆಗಿರಲಿಲ್ಲ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಬಾಯಿಗೆ ಬಂದದ್ದು ಇದೊಂದೇ. ಮಿಕ್ಕದ್ದನ್ನು, ಪುಟ್ಟ ಚಂದ್ರನನ್ನೂ ಹೊಸ ನೌಕೆಗೆ ಒಂದೇ ದೂರದಲ್ಲಿ ಎರಡು ಸಲ ಎಣಿಕೆ ಬಿದ್ದದ್ದನ್ನೂ, ತಡವರಿಸುತ್ತ ಹೇಳಿದ.

ಆಕೆ ಅಂಟು ಮೆತ್ತಿದ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. "ಒಂಬತ್ತು ವರ್ಷ ಸರ್. ಮನೇಲಿ ರೇಡಿಯೋ ಕೆಟ್ರೂ ನಾನು ಮುಟ್ಟಿಲ್ಲ. ನೌಕೆಗೆ ಬೆಸುಗೆ ಹಾಕ್ದೋಳಿಗೆ ಇದೊಂದು ತಂತಿ ಹಾಕೋಕಾಗಲ್ವಾ ಅಂತ ನಮ್ಮ ಯಜಮಾನ್ರು ರೇಗಿಸೋರು. ಬೆಸುಗೆ ಕಡ್ಡಿ ಹಿಡಿದ್ರೆ ಸಾಕು, ಇದೂ ಸಡಿಲ ಆದ್ರೆ ಅನ್ಸಿ ಕೆಳಗಿಟ್ಬಿಡ್ತಿದ್ದೆ." ನಗಲು ಹೋದಳು, ಆದರೆ ಕಣ್ಣು ತುಂಬಿ ಬಂತು.

ಸೆರಗಿನಿಂದ ಮುಖ ಒರೆಸಿಕೊಂಡಾಗ ಅವಳ ಒಳಗಿನ ಕೆಲಸಗಾತಿ ಎದ್ದು ಕೂತಿದ್ದಳು. "ಒಂದು ಮಾತು ಕೇಳ್ಲಾ ಸರ್? ಸಡಿಲ ಬೆಸುಗೆ ಅಂದ್ರೆ ಅಲುಗಿದಾಗೆಲ್ಲ ಕೈ ಕೊಡುತ್ತೆ. ಇದು ಬರೀ ಎರಡೇ ಸಲ ಯಾಕೆ ಕೊಡ್ತು ಅಂತ ನಾನು ಯೋಚ್ನೆ ಮಾಡದ ದಿನ ಇಲ್ಲ. ಆ ಎರಡೂ ಒಂದೇ ದೂರದ್ದು ಅಂತ ಆವತ್ತು ನಿಮಗೆ ಗೊತ್ತಾಗ್ಲಿಲ್ವಾ?"

ಕೇಳಿದ ದನಿಯಲ್ಲಿ ಕೊಂಕಿರಲಿಲ್ಲ. ಗೊತ್ತಿತ್ತು ಎಂಬ ಒಂದು ಮಾತು ಸಾಕಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದ. ತೆರೆದ ಬಾಯಲ್ಲಿ ಕುರ್ಚಿ, ಕೋಣೆ, ಬಾಗಿಲ ಮೇಲಿನ ಹೆಸರು ಎಲ್ಲ ಅಡ್ಡ ನಿಂತವು.

"ಇಲ್ಲ ಅಕ್ಕಾ," ಎಂದ. "ಗೊತ್ತಾಗ್ಲಿಲ್ಲ."

ಕಿವಿಯ ತುದಿಯವರೆಗೂ ಮುಖ ಸುಟ್ಟಿತು. ಒಂಬತ್ತು ವರ್ಷದ ಹಿಂದೆ ಬರೆಯುವಾಗಲೂ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಆಗ ಎದುರಿಗೆ ಬರೀ ಕಾಗದವಿತ್ತು.

ಆಕೆ ತಾನು ಕೂತಿದ್ದ ಸ್ಟೂಲನ್ನೇ ಅವನ ಕಡೆ ಎಳೆದಳು, ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗಿತ್ತಳು.

"ಕೂತ್ಕೊಂಡು ನೀರು ಕುಡೀರಿ ಸರ್, ಎಷ್ಟು ಬೆವರ್ತಿದೀರ! ಅಷ್ಟಕ್ಕೆಲ್ಲ ಮನಸ್ಸಿಗೆ ಹಚ್ಕೋಬೇಡಿ. ಗೊತ್ತಿದ್ದೂ ಮಾಡಿದ್ರೆ ತಾನೇ ತಪ್ಪು?"