ಕಪ್ಪು ವೈರು

ಯಾವ ವೈರು ಕಿತ್ತರೆ ಅನನ್ಯಳ ಲ್ಯಾಪ್‌ಟಾಪ್ ಬಾಯಿ ಮುಚ್ಚುತ್ತದೆಂದು ಗಜಾನನ ಮಧ್ಯಾಹ್ನವೇ ನೋಡಿಟ್ಟುಕೊಂಡಿದ್ದ. ಸ್ಪೀಕರಿಗೆ ಹೋಗುವ ಕಪ್ಪು ವೈರು. ಅವನು ನಿಲ್ಲುವಲ್ಲಿಂದ ಕಾಲು ಚಾಚಿದರೆ ಸಿಗುತ್ತಿತ್ತು.

ಸಂಜೆಗೆ ಕೊಪ್ಪದ ಪುರಭವನ ತುಂಬಿತು. ತಂಡದ ಹೆಸರು ‘ಕಂಬಳಿಕೊಪ್ಪೆ’. ಡ್ರಮ್, ರಾಕೇಶನ ಬಾಸ್ ಗಿಟಾರ್, ಗಜಾನನನ ಸ್ಯಾಕ್ಸೊಫೋನ್, ಇವುಗಳ ಬೆನ್ನಿಗೆ ಅನನ್ಯಳ ಕಂಪ್ಯೂಟರಿನ ಗುಂಯ್‌ಗುಡುವಿಕೆ. ಹುಡುಗರು ಅದನ್ನು ಜಾಜ್-ಫಂಕ್ ಅನ್ನುತ್ತಿದ್ದರು. ಕೇಳಲು ಶೃಂಗೇರಿ, ಬಾಳೆಹೊನ್ನೂರಿನಿಂದಲೂ ಜನ ಬಂದಿದ್ದರು.

ಅರ್ಧ ಆಯುಷ್ಯ ಮದುವೆಮನೆಗಳಲ್ಲಿ ಊದಿದವನು ಗಜಾನನ. ಧಾರೆಯ ಹೊತ್ತಿಗೆ ಅವನು ಊದಿದರೆ ಅಡುಗೆಭಟ್ಟರು ಸೌಟು ಹಿಡಿದೇ ಹೊರಗೆ ಬರುತ್ತಿದ್ದರು. ಅಂಥವನನ್ನು ಈ ಹುಡುಗರೇ ಕಾಡಿ ಬೇಡಿ ತಂಡಕ್ಕೆ ಕರೆತಂದಿದ್ದರು. ಹೋದ ಮಳೆಗಾಲ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿ ಎದ್ದುಬಂದ. ಅಲ್ಲಿಂದ ಶುರುವಾಯಿತು ಇವರ ನಾಟಕ. ವೇದಿಕೆಯ ಮೆಟ್ಟಿಲು ಹತ್ತುವಾಗ ರಾಕೇಶ ತೋಳು ಹಿಡಿಯುತ್ತಿದ್ದ. ಮನೆಯಲ್ಲಿ ಊದಿ ಆಯಾಸ ಮಾಡಿಕೊಳ್ಳಬೇಡಿ ಎಂದಳು ಅನನ್ಯ. ತಾಳ ತಪ್ಪದಿರಲಿ ಎಂದು ಎರಡೂ ಕಿವಿಗೆ ಇಯರ್‌ಫೋನ್ ತುರುಕಿಸಿದಳು. ಅದರಲ್ಲಿ ಅವನ ಸ್ಯಾಕ್ಸೊಫೋನ್ ಮೊದಲಿನಷ್ಟೇ ತುಂಬಿ ಕೇಳುತ್ತಿತ್ತು. ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಳು.

ಮೊನ್ನೆ ಕಾರಣ ತಿಳಿಯಿತು. ಅಭ್ಯಾಸಕ್ಕೆ ಬೇಗ ಬಂದವನು ಬಾಗಿಲಲ್ಲೇ ನಿಂತ. ಒಳಗೆ ಅವನದೇ ಸ್ಯಾಕ್ಸೊಫೋನ್ ನುಡಿಯುತ್ತಿತ್ತು. ಅವನದೇ ಎಳೆತ, ಕೊನೆಯಲ್ಲಿ ಅವನದೇ ಕೊಂಕು. ವಾದ್ಯವೋ, ಪೆಟ್ಟಿಗೆಯಲ್ಲಿ, ಅವನ ಕೈಯಲ್ಲೇ ಇತ್ತು. ಹುಡುಗಿ ಅವನನ್ನು ಯಂತ್ರಕ್ಕೆ ತುಂಬಿಕೊಂಡಿದ್ದಳು. ಇನ್ನು ಊಟದೆಲೆಯ ಕರಿಬೇವಿನ ಹಾಗೆ ಎತ್ತಿ ಬದಿಗಿಡುವುದೊಂದೇ ಬಾಕಿ.

“ನನ್ನ ಬಿಟ್ಟು ನಡೆಸೋ ಅಂದಾಜು ಎಂತಾದ್ರೂ ಇದ್ಯಾ?” ಎಂದು ಕೇಳಿಯೇಬಿಟ್ಟ.

ಅನನ್ಯ ನೆಲ ನೋಡಿದಳು. “ನಿಮ್ಮನ್ನ ಬಿಡೋದಾಗಿದ್ರೆ ನಾವು ಇಷ್ಟೆಲ್ಲ ಒದ್ದಾಡ್ತಿರ್ಲಿಲ್ಲ ಗಜಣ್ಣ.”

ರಾಕೇಶ ನಕ್ಕ. “ನೀವು ಬಂದು ನಿಂತ್ರೆ ಸಾಕು ಮಾರಾಯ್ರೆ.”

ನಿಂತರೆ ಸಾಕಂತೆ. ಗದ್ದೆಯ ಬೆದರುಬೊಂಬೆಗೆ ಹೇಳುವ ಮಾತು.

ಈಗ ವೇದಿಕೆಯ ಮೇಲೆ ಅವನ ಸರದಿ ಬಂದಿತ್ತು. ಬೆಳಕು ಅವನೊಬ್ಬನ ಮೇಲೆ ಬಿತ್ತು. ಸ್ಯಾಕ್ಸೊಫೋನಿನ ದನಿ ಪುರಭವನದ ಮಾಡು ಮುಟ್ಟುತ್ತಿದ್ದಂತೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದೇ ಹೊತ್ತು. ಯಂತ್ರ ಸತ್ತ ಮೇಲೂ ಉಳಿಯುವ ಉಸಿರು ಯಾರದೆಂದು ಊರಿಗೇ ಗೊತ್ತಾಗಲಿ. ಕಿವಿಯ ಇಯರ್‌ಫೋನ್ ಕಿತ್ತೆಸೆದ. ಕಪ್ಪು ವೈರಿಗೆ ಕಾಲು ಚಾಚಿದ. ಅನನ್ಯ ನೋಡಿದಳು, ಬೇಡ ಬೇಡವೆಂದು ಎರಡೂ ಕೈ ಜೋಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಕಳ್ಳಿ ಅಳಲಿ ಎಂದುಕೊಂಡು ಜಗ್ಗಿ ಎಳೆದ.

ಡ್ರಮ್ ಬಡಿಯುತ್ತಲೇ ಇತ್ತು, ಬಾಸ್ ಗುಡುಗುತ್ತಲೇ ಇತ್ತು, ಗಜಾನನನ ಕೆನ್ನೆ ಉಬ್ಬಿ ಬೆರಳುಗಳು ಓಡುತ್ತಲೇ ಇದ್ದವು; ಯಂತ್ರದ ಗುಂಯ್‌ಗುಡುವಿಕೆಯ ಜೊತೆಗೇ ಇಡೀ ಪುರಭವನದಲ್ಲಿ ನಿಂತುಹೋದದ್ದು ಸ್ಯಾಕ್ಸೊಫೋನಿನ ದನಿ.