ರೂಢಿಯಾಗುವವರೆಗೆ

ಸಂಸಾರಗಳ ಅಧ್ಯಯನಕ್ಕೆಂದು ಮನೆಗೊಬ್ಬ ವೀಕ್ಷಕರನ್ನು ಕೂರಿಸುವ ಕಾನೂನು ಬಂದು ವರ್ಷಗಳಾಗಿದ್ದವು. ವಾರಿಜಾಳ ಪಾಲಿಗೆ ಬಂದದ್ದು ಹುಬ್ಬಳ್ಳಿಯ ಶಂಕ್ರಪ್ಪನ ಮನೆ. ಅಡುಗೆಮನೆ ಬಾಗಿಲ ಪಕ್ಕ ಅವಳ ಕುರ್ಚಿ. ಮಾತಾಡುವಂತಿಲ್ಲ, ಯಾವುದಕ್ಕೂ ನಡುವೆ ಬರುವಂತಿಲ್ಲ. ಮನೆಯವರು ಅವಳಿರುವುದನ್ನೇ ಮರೆಯುವವರೆಗೆ ಕಂಡದ್ದು ಯಾವುದೂ ಅಧ್ಯಯನಕ್ಕೆ ಸೇರುವಂತಿಲ್ಲ.

ಶಂಕ್ರಪ್ಪ ಹೆಂಡತಿಯನ್ನು ಬಲು ಮೆತ್ತಗೆ “ನೀಲಾ” ಎಂದು ಕರೆಯುತ್ತಿದ್ದ. ಅವನು ಹೊರಗೆ ಹೋದಾಗ ನೀಲವ್ವ ರೊಟ್ಟಿ ಬಡಿಯುತ್ತ, ಗೋಡೆಗೆ ಹೇಳುವಂತೆ ಹೇಳಿದಳು: “ಅಕ್ಕಾರ, ನೀವು ಬಂದಾಗಿಂದ ನನ್ನ ಮೈಮ್ಯಾಲ ಕೈ ಬಿದ್ದಿಲ್ರಿ. ಅಂವಾ ನಿಮ್ಮನ್ನ ಮರೀಬಾರ್ದು ನೋಡ್ರಿ.”

ಅಂದಿನಿಂದ ವಾರಿಜಾ ನಿಯಮ ಮೀರಿ ಕೆಮ್ಮತೊಡಗಿದಳು. ಅವನ ದನಿ ಏರಿದೊಡನೆ ಒಂದು ಕೆಮ್ಮು. ಅವನು ಬೆಚ್ಚಿ ಕುರ್ಚಿಯತ್ತ ತಿರುಗಿ, “ಕಷಾಯ ಕುಡೀರಿ ಅಕ್ಕಾರ,” ಎಂದು ನಗುತ್ತಿದ್ದ. ತಿಂಗಳುಗಳು ಕಳೆದಂತೆ ನಗು ನಿಂತಿತು. ಆಮೇಲೆ ತಿರುಗುವುದೂ ನಿಂತಿತು.

ಒಂದು ಮಧ್ಯಾಹ್ನ, ನೀರು ತಂದಿಡುವುದು ತಡವಾಯಿತೆಂದು ಅವನು ನೀಲವ್ವನ ಜಡೆ ಹಿಡಿದೆಳೆದ. ವಾರಿಜಾ ಕೆಮ್ಮಿದಳು. ಗಂಟಲು ಹರಿಯುವಂತೆ ಮತ್ತೆ ಕೆಮ್ಮಿದಳು. ಅವನಿಗದು ಬೀದಿಯ ಸದ್ದಾಗಿ ಹೋಗಿತ್ತು. ತಲೆ ಗೋಡೆಗೆ ಬಡಿಯುವವರೆಗೂ ಕುರ್ಚಿಯತ್ತ ನೋಡುತ್ತಿದ್ದವಳು ನೀಲವ್ವ ಒಬ್ಬಳೇ.

ಸಂಜೆ ವಾರಿಜಾ ಅಳುತ್ತ ಮೇಲ್ವಿಚಾರಕರಿಗೆ ಫೋನು ಮಾಡಿ, ಕೆಮ್ಮಿದ್ದನ್ನೂ ಬಿಡದೆ ಎಲ್ಲ ಹೇಳಿದಳು.

“ಅಷ್ಟು ಕೆಮ್ಮಿದರೂ ತಿರುಗಲಿಲ್ಲವೇ?” ಅವರ ದನಿಯಲ್ಲಿ ಸಂತೋಷವಿತ್ತು. “ಹಾಗಾದರೆ ಅವನಿಗೆ ಪೂರ್ತಿ ರೂಢಿಯಾಗಿದ್ದೀಯ. ಶಭಾಶ್! ನೀನು ಕೆಮ್ಮಿದ್ದೀಯಲ್ಲ, ಇವತ್ತಿನದನ್ನು ಬಿಟ್ಟುಬಿಡಮ್ಮ, ನಾಳೆಯಿಂದ ಬರೆದುಕೋ.”