ತುತ್ತಿಗೆ ಮುಂಚಿನ ಮಾತು

ಮಗಳ ಊರಿಗೆ ಹೋಗಿದ್ದ ನೆರೆಮನೆಯ ಹುಸೇನಬಿ ಅಲ್ಲೇ ತೀರಿಕೊಂಡಳೆಂಬ ಸುದ್ದಿ ಬೆಳಿಗ್ಗೆ ನನಗೆ ಬಂತು. ಕಾಲು ಸ್ವಾಧೀನವಿಲ್ಲದ ನನ್ನನ್ನು ವರ್ಷಗಟ್ಟಲೆ ಮೀಯಿಸಿ ಉಣಿಸಿದವಳು ಅವಳು. ಅಳು ನಿಲ್ಲುವ ಮೊದಲೇ ಸಮಾಜ ಕಾರ್ಯಕರ್ತೆ ಬಾಗಿಲಿಗೆ ಬಂದಳು. ನೋಡಿಕೊಳ್ಳುವವರಿಲ್ಲದ ಮುದುಕರನ್ನು ದೂರದ ವೃದ್ಧಾಶ್ರಮಕ್ಕೆ ಸೇರಿಸುವುದು ಅವಳ ಕೆಲಸ. ನನಗೋ ಈ ಓಣಿಯಲ್ಲೇ ಕಣ್ಣು ಮುಚ್ಚುವ ಆಸೆ.

"ಹುಸೇನಬಿ ಎಲ್ಲಿ ಅದಾರ್ರಿ, ಅಜ್ಜಿ?"

"ಮಗಳ ಊರಾಗ. ನಾಳೆ ಬರ್ತಾಳ."

"ಕಣ್ಣ್ಯಾಕ ಕೆಂಪಾಗ್ಯಾವ?"

"ಒಲಿ ಹೊಗಿ."

"ನಿಮ್ಮ ಒಲಿ ಹಚ್ಚೇ ಇಲ್ಲಲ್ಲ."

"ಓಣ್ಯಾಗ ನಂದೊಂದ ಒಲಿ ಐತೇನ, ತಂಗಿ?"

ಅವಳು ನಕ್ಕಳು. "ಆಗಲಿ, ನಾಳೆ ಬರ್ತಾರಂದ್ರ ನಾ ಹೊಳ್ಳಿ ಹೋಗ್ತೀನಿ. ಹಸದಿರಬೇಕು, ಇದನ್ನ ಉಣ್ರಿ" ಎಂದು ತನ್ನ ಬುತ್ತಿಯ ರೊಟ್ಟಿ ಮುರಿದು ನನ್ನ ಕೈಗಿಟ್ಟು, ಚಪ್ಪಲಿ ಮೆಟ್ಟತೊಡಗಿದಳು.

ತುತ್ತೆತ್ತುವ ಮುಂಚೆ, ನನ್ನನ್ನು ಸಾಕುವವಳ ಹೆಸರು ಹಿಡಿದು ದೇವರಿಗೆ ಗಟ್ಟಿಯಾಗಿ ಬೇಡಿಕೊಳ್ಳುವುದು ನಾನೆಂದೂ ತಪ್ಪಿಸದ ನೇಮ. ಕಣ್ಣು ಮುಚ್ಚಿ ಕೈಮುಗಿದೆ.

"ಶಿವನ, ನನ್ನ ಹುಸೇನಬಿ ಆತ್ಮಕ್ಕ ನಿನ್ನ ಪಾದದಾಗ ಶಾಂತಿ ಕೊಡಪಾ."